0.25 ಮಿಲಿವೋಲ್ಟ್ ಕಾರ್ಟ್ರಿಡ್ಜ್‌ಗೆ ಸರಿಹೊಂದುವ ಫೋನೋ: ಒಂದು ಪ್ರಕರಣ, ಲೆಕ್ಕ ಸಮೇತ

ದುಬಾರಿ ಕಾರ್ಟ್ರಿಡ್ಜ್ (ಗ್ರೂವ್‌ನ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ಸೂಜಿ ಇರುವ ಭಾಗ) ಹಾಕಿದ ಮೇಲೆ ಹಾಡು ಮೊದಲಿಗಿಂತ ಕೆಟ್ಟದಾಗಿ ಕೇಳುತ್ತಿದೆ ಅನ್ನುವ ದೂರು ಎಲ್‌ಪಿ ಕೇಳುವವರ ನಡುವೆ ಪದೇ ಪದೇ ಬರುತ್ತದೆ. ಬಹಳ ಸಲ ಕಾರ್ಟ್ರಿಡ್ಜ್ ಚೆನ್ನಾಗಿಯೇ ಇರುತ್ತದೆ, ಅದರ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡಲು ಹಿಂದೆ ಕೂತಿರುವ ಫೋನೋ ಸ್ಟೇಜ್‌ಗೂ ಅದಕ್ಕೂ ಹೊಂದಿಕೆ ಆಗಿರುವುದಿಲ್ಲ. ನನ್ನ ಗೆಳೆಯರೊಬ್ಬರ ಸಿಸ್ಟಮ್‌ನಲ್ಲಿ ಆದದ್ದೂ ಇದೇ. ಅದನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಸಮೇತ ಬರೆಯುತ್ತೇನೆ. ಈ ವಿಷಯದಲ್ಲಿ ಲೆಕ್ಕ ಬಿಟ್ಟು ಅವರಿವರ ಕಿವಿಮಾತಿನ ಮೇಲೆ ಹೋದರೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೊಳ್ಳುತ್ತಾ ಹೋಗುವುದೇ ಆಗುತ್ತದೆ.

ಅವರ ಬಳಿ ಮೊದಲು ಇದ್ದದ್ದು ಆರ್ಟೋಫೋನ್ 2ಎಂ ಬ್ಲೂ. ಇದು ಮೂವಿಂಗ್ ಮ್ಯಾಗ್ನೆಟ್, ಅಂದರೆ ಎಂಎಂ ಕಾರ್ಟ್ರಿಡ್ಜ್. ಔಟ್‌ಪುಟ್ 5.5 ಮಿಲಿವೋಲ್ಟ್, ಕಾಯಿಲ್‌ನ ರೆಸಿಸ್ಟೆನ್ಸ್ 1.3 ಕಿಲೋ ಓಮ್, ಇಂಡಕ್ಟೆನ್ಸ್ 700 ಮಿಲಿಹೆನ್ರಿ. ಅದನ್ನು ತೆಗೆದು ಒಂದು ಒಳ್ಳೆಯ ಮೂವಿಂಗ್ ಕಾಯಿಲ್, ಅಂದರೆ ಎಂಸಿ ಕಾರ್ಟ್ರಿಡ್ಜ್ ಹಾಕಿದರು. ಬೋರಾನ್ ಕ್ಯಾಂಟಿಲಿವರ್ (ಸೂಜಿಯನ್ನು ಹಿಡಿದಿರುವ ಸಣ್ಣ ಕಡ್ಡಿ), ಲೈನ್ ಕಾಂಟ್ಯಾಕ್ಟ್ ಸ್ಟೈಲಸ್ (ಗ್ರೂವ್ ಗೋಡೆಗೆ ಗೆರೆಯಂತೆ ತಾಗುವ ಸೂಜಿ), ಕೈಯಿಂದ ಸುತ್ತಿದ ಕಾಯಿಲ್. ಜೊತೆಗೆ ಬಂದ ಹಾಳೆಯಲ್ಲಿ ಇದ್ದ ಸಂಖ್ಯೆಗಳು ಇವು: ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ 0.25 ಮಿಲಿವೋಲ್ಟ್, ಕಾಯಿಲ್ 6 ಓಮ್, ಇಂಡಕ್ಟೆನ್ಸ್ 10 ಮೈಕ್ರೋಹೆನ್ರಿ, ಲೋಡ್ (ಕಾರ್ಟ್ರಿಡ್ಜ್ ಮುಂದೆ ಬರುವ ಇನ್‌ಪುಟ್‌ನ ಓಮ್) 60 ಓಮ್‌ಗಿಂತ ಜಾಸ್ತಿ ಇರಬೇಕು, ತೂಕ 10 ಗ್ರಾಂ, ಸ್ಟೈಲಸ್ ಭಾರ 2.2 ಗ್ರಾಂ. ಫೋನೋ ಸ್ಟೇಜ್ ಮಾತ್ರ ಹಳೆಯದೇ. ಹಿಂದುಗಡೆ ಎಂಎಂ, ಎಂಸಿ ಅಂತ ಒಂದು ಸ್ವಿಚ್. ಎಂಎಂನಲ್ಲಿ 40 ಡೆಸಿಬಲ್ ಗೇನ್ (ಸಿಗ್ನಲ್ ಎಷ್ಟು ದೊಡ್ಡದಾಗುತ್ತದೆ ಅನ್ನುವ ಅಳತೆ), ಎಂಸಿಯಲ್ಲಿ 60.

ದೂರುಗಳು ಮೂರು. ವಾಲ್ಯೂಮ್ ತುಂಬಾ ತಿರುಗಿಸಬೇಕು, ಹಾಗೆ ತಿರುಗಿಸಿದರೆ ಹಾಡಿನ ಹಿಂದೆ ಸುಯ್ ಅಂತ ಹಿಸ್ ಕೇಳುತ್ತದೆ. ಮೇಲಿನ ಸ್ವರಗಳು ಗಾಜು ಗೀರಿದಂತೆ ಚುಚ್ಚುತ್ತವೆ. ತಟ್ಟೆಯ ಕೊನೆಯ ಹಾಡುಗಳಲ್ಲಿ, ಅಂದರೆ ಲೇಬಲ್ ಹತ್ತಿರದ ಗ್ರೂವ್‌ಗಳಲ್ಲಿ, ಗಾಯಕಿಯ ಸಕಾರಗಳೆಲ್ಲ ಸೀಳಿ ಬರುತ್ತವೆ. ಅವರು ಮೂರನ್ನೂ ಸೇರಿಸಿ "ಗೇನ್ ಸಾಲುತ್ತಿಲ್ಲ" ಅಂತ ಒಂದೇ ಹೆಸರು ಇಟ್ಟಿದ್ದರು. ಯಾರೋ ಪರಿಚಯದವರು 1:40 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ (ಸಿಗ್ನಲ್‌ನ ವೋಲ್ಟೇಜ್ ಅನ್ನು ನಲವತ್ತು ಪಟ್ಟು ಎತ್ತುವಂಥದ್ದು) ಒಂದನ್ನು ತಂದುಕೊಟ್ಟು, ಇದನ್ನು ಹಾಕಿ, ಎಲ್ಲ ಸರಿಹೋಗುತ್ತದೆ ಅಂದಿದ್ದರಂತೆ. ಅದು ಇನ್ನೂ ಡಬ್ಬಿಯಲ್ಲೇ ಇತ್ತು.

ನಾನು ಕೇಳಿಕೊಂಡದ್ದು ಒಂದೇ, ಮೂರು ದೂರನ್ನೂ ಬೇರೆ ಬೇರೆ ಮಾಡೋಣ ಅಂತ. ಒಂದೊಂದಕ್ಕೂ ಬೇರೆ ಕಾರಣ ಇರಬಹುದು, ಅಲ್ವಾ? ಕೊನೆಗೆ ಇದ್ದದ್ದೂ ಹಾಗೆಯೇ.

ಮೊದಲು ಗೇನ್ ಲೆಕ್ಕ, ಇದು ಸುಲಭ. 40 ಡೆಸಿಬಲ್ ಅಂದರೆ ನೂರು ಪಟ್ಟು, 60 ಅಂದರೆ ಸಾವಿರ ಪಟ್ಟು. ಹಳೆಯ ಕಾರ್ಟ್ರಿಡ್ಜ್‌ನ 5.5 ಮಿಲಿವೋಲ್ಟ್ ನೂರು ಪಟ್ಟಾಗಿ 0.55 ವೋಲ್ಟ್ ಆಗುತ್ತಿತ್ತು. ಹೊಸದರ 0.25 ಮಿಲಿವೋಲ್ಟ್ ಸಾವಿರ ಪಟ್ಟಾಗಿ 0.25 ವೋಲ್ಟ್. ವ್ಯತ್ಯಾಸ ಸುಮಾರು 7 ಡೆಸಿಬಲ್. ಇದು ದೊಡ್ಡ ಕೊರತೆ ಏನಲ್ಲ. ಆಂಪ್ಲಿಫೈಯರ್‌ನಲ್ಲಿ ವಾಲ್ಯೂಮ್ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಹಾಗಾಗಿ ಬರೀ ಗೇನ್ ಕಡಿಮೆ ಆಗಿದ್ದರೆ ಗುಂಡಿ ಸ್ವಲ್ಪ ಜಾಸ್ತಿ ತಿರುಗಿಸಿ ನೆಮ್ಮದಿಯಾಗಿ ಕೇಳಬಹುದಿತ್ತು. ಅವರಿಗೆ ತೊಂದರೆ ಕೊಡುತ್ತಿದ್ದದ್ದು ಹಿಸ್, ಮತ್ತು ಹಿಸ್‌ನ ಲೆಕ್ಕ ಗೇನ್‌ನ ಲೆಕ್ಕಕ್ಕಿಂತ ಪೂರ್ತಿ ಬೇರೆ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಈ ಪ್ರಕರಣದ ತಿರುಳು ಇರುವುದೇ ಇಲ್ಲಿ. ಯಾವ ರೆಸಿಸ್ಟೆನ್ಸ್ ಆದರೂ ಸುಮ್ನೆ ಕೂತಿದ್ದರೂ ತನ್ನ ಬಿಸಿಯಿಂದಲೇ ಒಂದಿಷ್ಟು ಸದ್ದು ಹುಟ್ಟಿಸುತ್ತದೆ. ಓಮ್ ಜಾಸ್ತಿಯಾದಷ್ಟೂ ಈ ಸದ್ದು ಜಾಸ್ತಿ. 6 ಓಮ್ ಕಾಯಿಲ್‌ನಲ್ಲಿ ಇದು ಬ್ಯಾಂಡ್‌ವಿಡ್ತ್‌ನ ಒಂದೊಂದು ಹರ್ಟ್ಜ್‌ನ ವರ್ಗಮೂಲಕ್ಕೆ 0.32 ನ್ಯಾನೋವೋಲ್ಟ್. ಇದಕ್ಕಿಂತ ಕಡಿಮೆ ಮಾಡಲು ಯಾರಿಂದಲೂ ಆಗುವುದಿಲ್ಲ. ಇದು ಕಾರ್ಟ್ರಿಡ್ಜ್ ಹುಟ್ಟಿನಿಂದ ತರುವ ಮಿತಿ. ಇನ್ನು ಫೋನೋ ಸ್ಟೇಜ್‌ನ ಮುಚ್ಚಳ ತೆಗೆದು ನೋಡಿದರೆ ಒಳಗೆ ಮೊದಲಿಗೆ ಕೂತಿದ್ದದ್ದು ಎನ್‌ಇ5532 ಚಿಪ್. ಅದರ ಇನ್‌ಪುಟ್ ಸದ್ದು ಇದೇ ಅಳತೆಯಲ್ಲಿ 5 ನ್ಯಾನೋವೋಲ್ಟ್. ಕಾರ್ಟ್ರಿಡ್ಜ್‌ನ ಸ್ವಂತ ಸದ್ದಿಗಿಂತ ಆಂಪ್ಲಿಫೈಯರ್‌ನ ಸದ್ದು ಹದಿನಾರು ಪಟ್ಟು, ಅಂದರೆ 24 ಡೆಸಿಬಲ್ ದೊಡ್ಡದು. ಸ್ವಿಚ್ಚನ್ನು ಎಂಸಿಗೆ ತಳ್ಳಿದಾಗ ಆ ಪೆಟ್ಟಿಗೆ ಮಾಡುತ್ತಿದ್ದದ್ದು ಇಷ್ಟೇ, ಅದೇ ಚಿಪ್‌ನಿಂದ ಇನ್ನೂ ಹತ್ತು ಪಟ್ಟು ಗೇನ್ ತೆಗೆಯುವುದು. ಹಾಡಿನ ಜೊತೆ ಚಿಪ್‌ನ ಸದ್ದೂ ಹತ್ತು ಪಟ್ಟು ದೊಡ್ಡದಾಯಿತು.

ಹಾಗಂತ ಆ ಚಿಪ್ ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. ಹಳೆಯ ಎಂಎಂ ಕಾರ್ಟ್ರಿಡ್ಜ್‌ನ 1.3 ಕಿಲೋ ಓಮ್ ಕಾಯಿಲ್ ಒಂದೇ 4.6 ನ್ಯಾನೋವೋಲ್ಟ್ ಸದ್ದು ಮಾಡುತ್ತದೆ. ಅದರ ಪಕ್ಕದಲ್ಲಿ ಚಿಪ್‌ನ 5 ನ್ಯಾನೋವೋಲ್ಟ್ ಸರಿಸಮ. ಅಲ್ಲದೆ ಎಂಎಂನ ಸಿಗ್ನಲ್ ಇಪ್ಪತ್ತೆರಡು ಪಟ್ಟು ದೊಡ್ಡದು. ಎಂಎಂಗೆ ತುಂಬಾ ಒಳ್ಳೆಯ ಚಿಪ್ ಅದು, ಇವತ್ತಿಗೂ. 6 ಓಮ್‌ನ ಕಾಯಿಲ್‌ಗೆ ನೇರವಾಗಿ ಕಟ್ಟುವ ಚಿಪ್ ಅಲ್ಲ.

20 ಕಿಲೋಹರ್ಟ್ಜ್ ಬ್ಯಾಂಡ್‌ವಿಡ್ತ್ ಹಿಡಿದು, ಆರ್‌ಐಎಎ ತಿದ್ದುಪಡಿಯನ್ನು (ತಟ್ಟೆ ಕೆತ್ತುವಾಗ ಬದಲಿಸಿದ ಬೇಸ್, ಟ್ರೆಬಲ್ ಮಟ್ಟವನ್ನು ಫೋನೋ ಮತ್ತೆ ಸರಿಮಾಡುವುದು) ಸದ್ಯಕ್ಕೆ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ, ಚಿಪ್‌ನ ಸದ್ದು ಒಟ್ಟು 0.7 ಮೈಕ್ರೋವೋಲ್ಟ್. ಸಿಗ್ನಲ್ 0.25 ಮಿಲಿವೋಲ್ಟ್. ಇವೆರಡರ ನಡುವಿನ ಅಂತರ 51 ಡೆಸಿಬಲ್. ಒಳ್ಳೆಯ ತಟ್ಟೆಯ ಮೌನಕ್ಕೆ ಇದು ಸಾಲುವುದಿಲ್ಲ. ಗೆಳೆಯರ ಕಿವಿ ಸರಿಯಾಗಿಯೇ ಹೇಳಿತ್ತು. ಪರೀಕ್ಷೆ ಕೂಡ ಸರಳ. ಟೋನ್‌ಆರ್ಮ್ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು, ಪ್ರತಿದಿನ ಕೇಳುವಷ್ಟೇ ವಾಲ್ಯೂಮ್ ಇಟ್ಟು, ಕೂತಲ್ಲಿಂದ ಹಿಸ್ ಕೇಳುತ್ತದಾ ನೋಡಿ. ಆರ್ಮ್ ಮೇಲಿದ್ದಾಗಲೂ ಕೇಳಿದರೆ ಅದು ತಟ್ಟೆಯದ್ದಲ್ಲ, ಎಲೆಕ್ಟ್ರಾನಿಕ್ಸ್‌ನದ್ದು. ಇಲ್ಲಿ ಕುರ್ಚಿಯಿಂದಲೇ ಕೇಳುತ್ತಿತ್ತು.

ಆದ್ದರಿಂದ ಕಾರ್ಟ್ರಿಡ್ಜ್ ಕೊಳ್ಳುವಾಗ ಔಟ್‌ಪುಟ್ ಸಂಖ್ಯೆ ನೋಡುವಷ್ಟೇ ಗಮನ ಕೊಟ್ಟು ಕಾಯಿಲ್‌ನ ಓಮ್ ನೋಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜನ ಇದನ್ನು ದಾಟಿಕೊಂಡು ಹೋಗುತ್ತಾರೆ. ಡೆನಾನ್‌ನ ಡಿಎಲ್-103 ನೋಡಿ, 1962ರಿಂದ ಬಂದಿರುವ ಕಾರ್ಟ್ರಿಡ್ಜ್, ಔಟ್‌ಪುಟ್ 0.3 ಮಿಲಿವೋಲ್ಟ್. ನಮ್ಮ ಈ ಕಾರ್ಟ್ರಿಡ್ಜ್‌ಗೆ ಹತ್ತಿರದ ಸಂಖ್ಯೆ. ಆದರೆ ಅದರ ಕಾಯಿಲ್ 40 ಓಮ್. ಔಟ್‌ಪುಟ್ ಹೆಚ್ಚು ಕಡಿಮೆ ಒಂದೇ ಆದರೂ ಎರಡಕ್ಕೂ ಬೇಕಾದ ಫೋನೋ ಬೇರೆ ಬೇರೆ. ಕೆಳಗೆ ಟ್ರಾನ್ಸ್‌ಫಾರ್ಮರ್ ವಿಷಯ ಬಂದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ.

ಎರಡನೆಯ ದೂರು, ಚುಚ್ಚುವ ಮೇಲಿನ ಸ್ವರ. ಇಲ್ಲಿ ಲೋಡ್ ಬಗ್ಗೆ ಮಾತಾಡಬೇಕು. ಅವರ ಫೋನೋದಲ್ಲಿ ಸ್ವಿಚ್ ಬದಲಿಸುತ್ತಿದ್ದದ್ದು ಗೇನ್ ಮಾತ್ರ. ಎಂಸಿಗೆ ಹಾಕಿದರೂ ಇನ್‌ಪುಟ್ ಲೋಡ್ 47 ಕಿಲೋ ಓಮ್ ಆಗಿಯೇ ಉಳಿಯುತ್ತಿತ್ತು. ಲೋಡ್ ಕಡಿಮೆ ಮಾಡಿದರೆ ಟ್ರೆಬಲ್ ಇಳಿಯುತ್ತದೆ, ಜಾಸ್ತಿ ಮಾಡಿದರೆ ಏರುತ್ತದೆ ಅಂತ ಎಲ್ಲರೂ ಟೋನ್ ಕಂಟ್ರೋಲ್ ತರಹ ಮಾತಾಡುತ್ತಾರೆ. ಎಂಎಂ ವಿಷಯದಲ್ಲಿ ಅದು ನಿಜ. 700 ಮಿಲಿಹೆನ್ರಿ ಕಾಯಿಲ್, ಕೇಬಲ್ ಮತ್ತು ಇನ್‌ಪುಟ್ ಸೇರಿ 250 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್, ಇವೆರಡೂ ಸೇರಿ ಸುಮಾರು 12 ಕಿಲೋಹರ್ಟ್ಜ್‌ನಲ್ಲಿ ಅನುರಣಿಸುತ್ತವೆ, ಅಂದರೆ ಆ ಸ್ವರವನ್ನು ಎತ್ತಿಬಿಡುತ್ತವೆ. ಕಿವಿಗೆ ನೇರವಾಗಿ ಕೇಳುವ ಜಾಗ ಅದು. ಅಲ್ಲಿ ಲೋಡ್ ಬದಲಿಸಿದರೆ ಸ್ವರ ಬದಲಾಗಲೇಬೇಕು.

ಎಂಸಿಯಲ್ಲಿ ಲೆಕ್ಕ ಬೇರೆ. 10 ಮೈಕ್ರೋಹೆನ್ರಿ ಮತ್ತು ಅದೇ 250 ಪಿಕೋಫ್ಯಾರಡ್ ಸೇರಿದರೆ ಅನುರಣನ ಸುಮಾರು 3.2 ಮೆಗಾಹರ್ಟ್ಜ್‌ನಲ್ಲಿ. ಇದು ರೇಡಿಯೋ ಅಲೆಗಳ ಜಾಗ. ಅಲ್ಲಿ ಏನಾದರೂ 20 ಕಿಲೋಹರ್ಟ್ಜ್ ಒಳಗಿನ ಸ್ವರದ ಮಟ್ಟ ಏರುಪೇರಾಗುವುದಿಲ್ಲ. ಹಾಗಾದರೆ ಲೋಡ್‌ನಿಂದ ವ್ಯತ್ಯಾಸ ಯಾಕೆ ಕೇಳುತ್ತದೆ? 47 ಕಿಲೋ ಓಮ್ ಲೋಡ್‌ನಲ್ಲಿ ಆ ಅನುರಣನವನ್ನು ಹಿಡಿದು ನಿಲ್ಲಿಸುವವರೇ ಇಲ್ಲ. ಲೆಕ್ಕದ ಪ್ರಕಾರ ಅಲ್ಲಿ 30 ಡೆಸಿಬಲ್ ಎತ್ತರದ ಒಂದು ಶಿಖರ ಏಳುತ್ತದೆ. ತಟ್ಟೆಯ ಮೇಲಿನ ದೂಳು, ಗೀರುಗಳ ಚೂಪಾದ ಸದ್ದು, ಸುತ್ತಲಿನ ರೇಡಿಯೋ ಅಲೆಗಳು ಈ ಶಿಖರವನ್ನು ತಟ್ಟಿ ಎಬ್ಬಿಸಬಹುದು. ಆ ವೇಗವನ್ನು ತಾಳಲಾಗದ ಇನ್‌ಪುಟ್ ಸರ್ಕ್ಯೂಟ್ ಆಗಿದ್ದರೆ ಅದು ಒಳಗೇ ತಡವರಿಸಿ, ಅದರ ಕಸವನ್ನು ಕೇಳುವ ಸ್ವರದೊಳಗೆ ತಂದು ಬಿಡುತ್ತದೆ. 100 ಓಮ್ ಲೋಡ್ ಹಾಕಿದರೆ ಶಿಖರ ಪೂರ್ತಿ ಮಲಗುತ್ತದೆ. ಸಿಗ್ನಲ್‌ನಲ್ಲಿ ಕಳೆದುಕೊಳ್ಳುವುದು ಬರೀ ಅರ್ಧ ಡೆಸಿಬಲ್. ಆದ್ದರಿಂದ ಎಂಸಿಯಲ್ಲಿ ಲೋಡ್ ಬದಲಿಸಿದಾಗ ಸ್ವರ ತುಂಬಾ ಬದಲಾದರೆ ನನ್ನ ಅನುಮಾನ ಮೊದಲು ಹೋಗುವುದು ಫೋನೋ ಸ್ಟೇಜ್ ಕಡೆಗೆ, ಕಾರ್ಟ್ರಿಡ್ಜ್ ಕಡೆಗಲ್ಲ. ರೇಡಿಯೋ ಅಲೆಗಳನ್ನು ಚೆನ್ನಾಗಿ ತಾಳುವ ಫೋನೋದಲ್ಲಿ 100 ಓಮ್‌ಗೂ 1000 ಓಮ್‌ಗೂ ಅಷ್ಟೇನೂ ದೂರ ಇರುವುದಿಲ್ಲ.

ಪರೀಕ್ಷೆಗೆ ಜಾಸ್ತಿ ಖರ್ಚಿಲ್ಲ. ಎರಡು ಆರ್‌ಸಿಎ ಪ್ಲಗ್ ತೆಗೆದುಕೊಂಡು ಒಳಗೆ ಒಂದೊಂದು 100 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಬೆಸುಗೆ ಹಾಕಿ, ವೈ ಅಡಾಪ್ಟರ್ ಮೂಲಕ ಇನ್‌ಪುಟ್‌ಗೆ ಸಮಾನಾಂತರವಾಗಿ ಚುಚ್ಚಿದೆವು. ಚುಚ್ಚುವಿಕೆ ಕಡಿಮೆ ಆಯಿತು, ಸಿಂಬಲ್‌ಗಳು ಸ್ವಲ್ಪ ಮೈ ತುಂಬಿಕೊಂಡವು. ಕೊನೆಯ ಹಾಡಿನ ಸಕಾರ ಮಾತ್ರ ಹಾಗೆಯೇ ಸೀಳುತ್ತಿತ್ತು. ಲೋಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಗೊತ್ತಾದದ್ದು ಇಲ್ಲೇ.

ಮೂರನೆಯದು ಮೆಕ್ಯಾನಿಕಲ್ ವಿಷಯ. ಫೋನೋ ಹೊಂದಾಣಿಕೆ ಅಂತ ಹೊರಟವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಎಲೆಕ್ಟ್ರಾನಿಕ್ಸ್ ಮೇಲೆ ಗೂಬೆ ಕೂರಿಸುತ್ತಾರೆ. ಆರ್ಮ್‌ನ ಭಾರದ ಡಯಲ್ 2.2 ಗ್ರಾಂ ತೋರಿಸುತ್ತಿತ್ತು, ಡಿಜಿಟಲ್ ಗೇಜ್ ಮೇಲೆ ಸ್ಟೈಲಸ್ ಇಳಿಸಿದರೆ 1.9. ಹೊಸ ಕಾರ್ಟ್ರಿಡ್ಜ್ ಹಳೆಯದಕ್ಕಿಂತ ಸುಮಾರು 3 ಗ್ರಾಂ ಜಾಸ್ತಿ ತೂಕ, ಹಿಂದಿನ ತೂಕದ ಗುಂಡನ್ನು ಸರಿಸಿ ಸೊನ್ನೆಗೆ ತರುವಾಗ ಆರ್ಮ್ ಪೂರ್ತಿ ಸಮತೋಲಕ್ಕೆ ಬಂದಿರಲಿಲ್ಲ. ಭಾರ ಕಡಿಮೆಯಾದರೆ ಸ್ಟೈಲಸ್ ಗ್ರೂವ್‌ನ ಗೋಡೆಯನ್ನು ಆಗಾಗ ಬಿಡುತ್ತದೆ. ಲೇಬಲ್ ಹತ್ತಿರ ಗ್ರೂವ್ ಸುತ್ತಳತೆ ಕಡಿಮೆ, ಅದೇ ಸ್ವರದ ಅಲೆಗಳು ಅಲ್ಲಿ ಒತ್ತೊತ್ತಾಗಿ ಕೂತಿರುತ್ತವೆ, ಹಾಗಾಗಿ ಮೊದಲು ಸೋಲುವುದು ಅಲ್ಲಿಯೇ. ಜೊತೆಗೆ ಓವರ್‌ಹ್ಯಾಂಗ್ (ಸ್ಟೈಲಸ್ ತುದಿ ತಟ್ಟೆಯ ನಡುವನ್ನು ದಾಟಿ ಮುಂದೆ ಹೋಗುವ ದೂರ) ಕೂಡ ಒಂದೂವರೆ ಮಿಲಿಮೀಟರ್ ತಪ್ಪಿತ್ತು. ಸ್ಕ್ರೂ ರಂಧ್ರದಿಂದ ಸ್ಟೈಲಸ್ ತುದಿಗೆ ಇರುವ ದೂರ ಎಲ್ಲ ಕಾರ್ಟ್ರಿಡ್ಜ್‌ನಲ್ಲೂ ಒಂದೇ ಇರುವುದಿಲ್ಲ. ಹಳೆಯದು ಕೂತಿದ್ದ ಜಾಗದಲ್ಲೇ ಹೊಸದನ್ನು ಕೂರಿಸಿದರೆ ಕೋನ ತಪ್ಪುತ್ತದೆ. ದುಂಡು ತುದಿಯ ಸ್ಟೈಲಸ್ ಇದನ್ನೆಲ್ಲ ಒಂದಿಷ್ಟು ಸಹಿಸುತ್ತದೆ, ಲೈನ್ ಕಾಂಟ್ಯಾಕ್ಟ್ ಸಹಿಸುವುದಿಲ್ಲ. ಪ್ರೊಟ್ರ್ಯಾಕ್ಟರ್ ಇಟ್ಟು, ತಟ್ಟೆಯ ನಡುವಿನಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದ ಎರಡೂ ಬಿಂದುಗಳಲ್ಲಿ ಕ್ಯಾಂಟಿಲಿವರ್ ಗೆರೆಗೆ ನೇರವಾಗಿ ನಿಲ್ಲುವ ಹಾಗೆ ಮಾಡಿ, ಭಾರ 2.2ಕ್ಕೆ ತಂದ ಮೇಲೆ ಸಕಾರದ ಸೀಳು ಹೋಯಿತು. ಒಂದು ಪೈಸೆಯ ಎಲೆಕ್ಟ್ರಾನಿಕ್ಸ್ ಬದಲಾಯಿಸದೆ ಮೂರನೆಯ ದೂರು ಮುಗಿಯಿತು.

ಆರ್ಮ್‌ಗೂ ಕಾರ್ಟ್ರಿಡ್ಜ್‌ಗೂ ಹೊಂದುತ್ತದಾ ಅಂತಲೂ ಒಮ್ಮೆ ನೋಡಿಕೊಂಡೆವು. ಆರ್ಮ್‌ನ ಎಫೆಕ್ಟಿವ್ ಮಾಸ್ (ಸ್ಟೈಲಸ್ ಕಡೆಯಿಂದ ನೋಡಿದಾಗ ಆರ್ಮ್‌ನ ತೂಕ) 11 ಗ್ರಾಂ, ಕಾರ್ಟ್ರಿಡ್ಜ್ 10, ಸ್ಕ್ರೂ 1, ಒಟ್ಟು 22. ಕಂಪ್ಲಯನ್ಸ್ (ಕ್ಯಾಂಟಿಲಿವರ್ ಎಷ್ಟು ಸಲೀಸಾಗಿ ಬಳುಕುತ್ತದೆ ಅನ್ನುವ ಅಳತೆ) 100 ಹರ್ಟ್ಜ್‌ನಲ್ಲಿ 9 ಅಂತ ಹಾಳೆ ಹೇಳುತ್ತದೆ, 10 ಹರ್ಟ್ಜ್‌ನಲ್ಲಿ ಅದು ಸುಮಾರು 15 ಅಂತ ಹಿಡಿಯಬಹುದು. 159ನ್ನು ಇವೆರಡರ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ 8.8 ಹರ್ಟ್ಜ್, ಆರ್ಮ್ ಮತ್ತು ಕಾರ್ಟ್ರಿಡ್ಜ್ ಸೇರಿ ಅನುರಣಿಸುವ ಜಾಗ. 8ರಿಂದ 12ರ ಒಳಗೆ ಇದ್ದರೆ ಸಾಕು, ಆ ಕಡೆ ಚಿಂತೆ ಇಲ್ಲ.

ಈಗ ಉಳಿದದ್ದು ಹಿಸ್. ಇದಕ್ಕೆ ಮುಖ್ಯವಾಗಿ ಮೂರು ದಾರಿ. ಕಡಿಮೆ ಸದ್ದಿನ ಹೊಸ ಎಂಸಿ ಫೋನೋ ಒಂದು ದಾರಿ. ಎಡಿ797 ತರಹದ 0.9 ನ್ಯಾನೋವೋಲ್ಟ್ ಚಿಪ್‌ಗಳು, ಅಥವಾ ಟ್ರಾನ್ಸಿಸ್ಟರ್‌ಗಳನ್ನು ಸಾಲಾಗಿ ಸಮಾನಾಂತರ ಇಟ್ಟ ಇನ್‌ಪುಟ್ ಇರುವ ಪೆಟ್ಟಿಗೆಗಳು ಇದಕ್ಕೆ ಬರುತ್ತವೆ. ಇನ್ನೊಂದು, ವೋಲ್ಟೇಜ್ ಬದಲು ಕಾರ್ಟ್ರಿಡ್ಜ್‌ನ ಕರೆಂಟ್ ಅನ್ನೇ ತೆಗೆದುಕೊಳ್ಳುವ ಕರೆಂಟ್ ಮೋಡ್ ಫೋನೋ. ಇದರ ಇನ್‌ಪುಟ್ ಸೊನ್ನೆ ಓಮ್‌ಗೆ ಹತ್ತಿರ ಇರುತ್ತದೆ, ಕಾಯಿಲ್ ಓಮ್ ಕಡಿಮೆ ಇದ್ದಷ್ಟೂ ಗೇನ್ ಜಾಸ್ತಿ. ಈ ಕಾರ್ಟ್ರಿಡ್ಜ್ 0.25 ಮಿಲಿವೋಲ್ಟ್‌ಗೆ 6 ಓಮ್, ಅಂದರೆ ಸುಮಾರು 42 ಮೈಕ್ರೋಆಂಪ್ ಕೊಡುತ್ತದೆ. ಡಿಎಲ್-103 ಕೊಡುವುದು 7.5 ಮಾತ್ರ. ಹಾಗಾಗಿ ಇಲ್ಲಿ ಕರೆಂಟ್ ಮೋಡ್ ಕೂಡ ಚೆನ್ನಾಗಿ ಒಪ್ಪುತ್ತಿತ್ತು. ಮೂರನೆಯದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿ, ಇರುವ ಫೋನೋವನ್ನು ಎಂಎಂ ಸ್ವಿಚ್‌ನಲ್ಲೇ ಬಳಸುವುದು.

ನಾನು ಮೂರನೆಯದಕ್ಕೆ ಓಟು ಹಾಕಿದೆ. ಇರುವ ಫೋನೋದ ಎಂಎಂ ಭಾಗ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಎಸೆಯಲು ಕಾರಣ ಇರಲಿಲ್ಲ. ಪಿಸುಮಾತು ಕೇಳಬೇಕಾದರೆ ಮಾತಾಡುವವರ ಹತ್ತಿರ ಹೋಗಬೇಕು, ಸಂತೆಯ ಗದ್ದಲವನ್ನೂ ಸೇರಿಸಿ ಮೈಕಿಗೆ ಹಾಕಿದರೆ ಪ್ರಯೋಜನ ಇಲ್ಲ. ಟ್ರಾನ್ಸ್‌ಫಾರ್ಮರ್ ಮಾಡುವುದು ಹತ್ತಿರ ಹೋಗುವ ಕೆಲಸ. ಚಿಪ್‌ನ ಸದ್ದು ಸೇರುವ ಮೊದಲೇ ಸಿಗ್ನಲ್ ಅನ್ನು ಇಪ್ಪತ್ತು ಪಟ್ಟು ಎತ್ತಿಬಿಡುತ್ತದೆ, ತನ್ನ ತಂತಿಯ ಓಮ್‌ನ ಸಣ್ಣ ಸದ್ದು ಬಿಟ್ಟರೆ ಬೇರೇನೂ ಸೇರಿಸುವುದಿಲ್ಲ.

ಆದರೆ ಡಬ್ಬಿಯಲ್ಲಿದ್ದ 1:40 ಬೇಡ ಅಂದೆ. ಟ್ರಾನ್ಸ್‌ಫಾರ್ಮರ್ ಸುತ್ತುಗಳ ಅನುಪಾತ ವೋಲ್ಟೇಜ್ ಎತ್ತುವಾಗಲೇ ಹಿಂದಿರುವ 47 ಕಿಲೋ ಓಮ್ ಅನ್ನು ಅನುಪಾತದ ವರ್ಗದಿಂದ ಭಾಗಿಸಿ ಕಾರ್ಟ್ರಿಡ್ಜ್‌ಗೆ ತೋರಿಸುತ್ತದೆ. 1:10ರಲ್ಲಿ ಕಾರ್ಟ್ರಿಡ್ಜ್ ಕಾಣುವುದು 470 ಓಮ್, 1:20ರಲ್ಲಿ 117, 1:40ರಲ್ಲಿ 29. ತಯಾರಕರು 60ಕ್ಕಿಂತ ಜಾಸ್ತಿ ಇರಲಿ ಅಂದಿದ್ದಾರೆ, 29 ಅದಕ್ಕೆ ಅರ್ಧವೂ ಇಲ್ಲ. ಇದೊಂದೇ ಆಗಿದ್ದರೆ ಕೇಳಿ ನೋಡೋಣ ಅನ್ನಬಹುದಿತ್ತು. ಇನ್ನೊಂದು ತೊಂದರೆ ಓವರ್‌ಲೋಡ್. 1:40 ಆದರೆ ಎಂಎಂ ಇನ್‌ಪುಟ್‌ಗೆ ಹೋಗುವುದು ಸುಮಾರು 8 ಮಿಲಿವೋಲ್ಟ್. ಅದು 5 ಸೆಂಟಿಮೀಟರ್ ವೇಗದ ಅಳತೆ. ಜೋರಾದ ತಟ್ಟೆಗಳಲ್ಲಿ ವೇಗ ಅದರ ಐದು ಪಟ್ಟು ಮುಟ್ಟಿದರೆ 40 ಮಿಲಿವೋಲ್ಟ್. ಈ ಫೋನೋ ಎಂಎಂನಲ್ಲಿ 50 ಮಿಲಿವೋಲ್ಟ್‌ಗೆ ಕ್ಲಿಪ್ ಆಗುತ್ತದೆ ಅಂತ ಅದರ ಹಾಳೆಯಲ್ಲೇ ಇದೆ. ದೂಳಿನ ಒಂದು ಟಿಕ್ ಬಂದರೂ ಮಿತಿ ದಾಟುತ್ತದೆ. ಹಾಗೆ ದಾಟಿದಾಗ ಟಿಕ್ ಅನ್ನುವ ಸಣ್ಣ ಸದ್ದು ಪಟ್ ಅಂತ ದೊಡ್ಡದಾಗಿ, ಅಗಲವಾಗಿ ಕೇಳುತ್ತದೆ. ತಟ್ಟೆ ತುಂಬಾ ಟಿಕ್ ಟಿಕ್ ಅನ್ನುತ್ತಿದೆ ಅಂತ ತೊಳೆದು ತೊಳೆದು ಸುಸ್ತಾದವರಲ್ಲಿ ಕೆಲವರ ಸಮಸ್ಯೆ ಓವರ್‌ಲೋಡ್ ಇರಬಹುದು.

1:20ರಲ್ಲಿ ತಂತಿಯ ಓಮ್ ಕಳೆದು ಸಿಗುವುದು 4.6 ಮಿಲಿವೋಲ್ಟ್. ಓವರ್‌ಲೋಡ್‌ಗೆ ಸುಮಾರು 21 ಡೆಸಿಬಲ್ ಜಾಗ ಉಳಿಯುತ್ತದೆ. ಫೋನೋದಿಂದ ಹೊರಗೆ ಬರುವುದು 0.46 ವೋಲ್ಟ್, ಹಳೆಯ ಎಂಎಂನ 0.55ಕ್ಕಿಂತ ಒಂದೂವರೆ ಡೆಸಿಬಲ್ ಅಷ್ಟೇ ಕಡಿಮೆ. ಇನ್ನು ಹಿಸ್ ಲೆಕ್ಕ. ಚಿಪ್‌ನ 5 ನ್ಯಾನೋವೋಲ್ಟ್ ಇಪ್ಪತ್ತರಿಂದ ಭಾಗವಾಗಿ ಕಾರ್ಟ್ರಿಡ್ಜ್ ಕಡೆಯಿಂದ ನೋಡಿದರೆ ಬರೀ 0.25 ಆಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ 2 ಓಮ್, ಸೆಕೆಂಡರಿ 500 ಓಮ್ ಇತ್ತು. ಅದನ್ನೂ ಕಾಯಿಲ್‌ನ 6 ಓಮ್ ಅನ್ನೂ ಸೇರಿಸಿದರೆ 0.39. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.46 ನ್ಯಾನೋವೋಲ್ಟ್. ಮೊದಲು ಇದ್ದ 5ರ ಮುಂದೆ ಇದು 20 ಡೆಸಿಬಲ್‌ಗಿಂತ ಜಾಸ್ತಿ ಲಾಭ. 51 ಇದ್ದ ಅಂತರ ಈಗ 71 ದಾಟಿತು. 0.9 ನ್ಯಾನೋವೋಲ್ಟ್ ಚಿಪ್ ಹಾಕಿದ ಹೊಸ ಫೋನೋ ಕೊಂಡಿದ್ದರೆ 65ರ ಆಸುಪಾಸು ನಿಲ್ಲುತ್ತಿತ್ತು. ಅದೇನೂ ಕೆಟ್ಟದ್ದಲ್ಲ, ಆದರೆ ಇರುವ ಪೆಟ್ಟಿಗೆಯಲ್ಲೇ ಅದಕ್ಕಿಂತ ಒಳ್ಳೆಯದು ಸಿಗುವಾಗ ಹೊಸದು ಯಾಕೆ?

1:20 ಟ್ರಾನ್ಸ್‌ಫಾರ್ಮರ್ ಬಂದ ದಿನ ಹಿಸ್ ಹೋಯಿತು, ಬದಲಿಗೆ ಗುಂಯ್ ಅನ್ನುವ ಹಮ್ ಬಂತು. ಇದನ್ನು ನಿರೀಕ್ಷಿಸಬೇಕು. ತಟ್ಟೆ ಕೆತ್ತುವಾಗ ಇಳಿಸಿದ ಬೇಸ್ ಅನ್ನು ಫೋನೋ ಆರ್‌ಐಎಎ ಪ್ರಕಾರ ಮತ್ತೆ ಎತ್ತುತ್ತದೆ. 20 ಹರ್ಟ್ಜ್‌ನಲ್ಲಿ 1 ಕಿಲೋಹರ್ಟ್ಜ್‌ಗಿಂತ 19 ಡೆಸಿಬಲ್ ಜಾಸ್ತಿ, 50 ಹರ್ಟ್ಜ್‌ನಲ್ಲಿ ಸುಮಾರು 17. ಅಂದರೆ ಕರೆಂಟ್ ಲೈನ್‌ನ ಹಮ್‌ಗೆ ಫೋನೋ ವಿಶೇಷ ಮರ್ಯಾದೆ ಕೊಟ್ಟು ದೊಡ್ಡದು ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಅಂತೂ ಕಾಂತಕ್ಷೇತ್ರ ಹಿಡಿಯುವ ವಸ್ತುವೇ. ಅದನ್ನು ಆಂಪ್ಲಿಫೈಯರ್ ಮೇಲೆ ಇಟ್ಟಿದ್ದರು, ಒಳಗಿನ ಪವರ್ ಟ್ರಾನ್ಸ್‌ಫಾರ್ಮರ್‌ನ ನೇರ ಮೇಲೆ. ಕೆಳಗಿನ ಶೆಲ್ಫ್‌ಗೆ ಇಳಿಸಿ, ಆಂಪ್ಲಿಫೈಯರ್‌ನಿಂದ ದೂರ ಮಾಡಿ, ಹಮ್ ಅತಿ ಕಡಿಮೆ ಆಗುವ ದಿಕ್ಕು ಸಿಗುವವರೆಗೆ ನಿಧಾನಕ್ಕೆ ತಿರುಗಿಸಿದಾಗ ಬಹುಪಾಲು ಹೋಯಿತು. ಉಳಿದದ್ದು ಗ್ರೌಂಡ್. ಟೋನ್‌ಆರ್ಮ್‌ನ ಗ್ರೌಂಡ್ ತಂತಿಯನ್ನು ಫೋನೋಗೆ ಕಟ್ಟಿದ್ದರು, ಟ್ರಾನ್ಸ್‌ಫಾರ್ಮರ್ ಡಬ್ಬಿಯದ್ದನ್ನು ಬೇರೆ ಕಡೆ ಕಟ್ಟಿದ್ದರು. ಎರಡು ದಾರಿ ಆದರೆ ಅದೊಂದು ಸುತ್ತಾಗಿ ಹಮ್ ಹಿಡಿಯುತ್ತದೆ. ಆರ್ಮ್‌ನಿಂದ ಟ್ರಾನ್ಸ್‌ಫಾರ್ಮರ್ ಡಬ್ಬಿಗೆ, ಅಲ್ಲಿಂದ ಫೋನೋದ ಗ್ರೌಂಡ್ ಸ್ಕ್ರೂಗೆ, ಒಂದೇ ಸಾಲಾಗಿ ಕಟ್ಟಿದ ಮೇಲೆ ಶಾಂತವಾಯಿತು.

ಕೇಬಲ್ ಬಗ್ಗೆ ಒಂದು ಮಾತು. ಟ್ರಾನ್ಸ್‌ಫಾರ್ಮರ್‌ನಿಂದ ಫೋನೋಗೆ ಹೋಗುವ ಕೇಬಲ್ ಆದಷ್ಟು ಗಿಡ್ಡ ಇರಲಿ, ಅದರ ಕೆಪ್ಯಾಸಿಟೆನ್ಸ್ ಕಡಿಮೆ ಇರಲಿ. ಓಮ್ ಭಾಗವಾಗುವ ಹಾಗೆಯೇ ಕೆಪ್ಯಾಸಿಟೆನ್ಸ್ ಗುಣಿಸಿದಷ್ಟಾಗುತ್ತದೆ. ಆ ಕಡೆ 200 ಪಿಕೋಫ್ಯಾರಡ್ ಇದ್ದರೆ 1:20ರಲ್ಲಿ ಕಾರ್ಟ್ರಿಡ್ಜ್‌ಗೆ ಅದು ನಾನೂರು ಪಟ್ಟಾಗಿ 80 ನ್ಯಾನೋಫ್ಯಾರಡ್ ಅಂತ ಕಾಣುತ್ತದೆ. ಈ ಕಾರ್ಟ್ರಿಡ್ಜ್‌ನ 10 ಮೈಕ್ರೋಹೆನ್ರಿಗೆ ಅದರಿಂದ ಕೇಡಿಲ್ಲ, ಅನುರಣನ ಇನ್ನೂ 178 ಕಿಲೋಹರ್ಟ್ಜ್‌ನಲ್ಲೇ ಇರುತ್ತದೆ. ಆದರೂ ಮೂರು ಮೀಟರ್ ಕೇಬಲ್ ಎಳೆದು ಪರೀಕ್ಷೆ ಮಾಡುವುದು ಬೇಡ. ಫೋನೋದಲ್ಲಿ ಎಂಎಂ ಕೆಪ್ಯಾಸಿಟೆನ್ಸ್ ಆಯ್ಕೆ ಇದ್ದರೆ ಅತಿ ಕಡಿಮೆಯದ್ದನ್ನು ಇಡಿ. ಮೊದಲು ಮಾಡಿದ 100 ಓಮ್ ಪ್ಲಗ್‌ಗಳನ್ನು ತೆಗೆಯುವುದನ್ನೂ ಮರೆಯಬೇಡಿ. ಅವು ಫೋನೋ ಇನ್‌ಪುಟ್‌ನಲ್ಲೇ ಉಳಿದರೆ ಕಾರ್ಟ್ರಿಡ್ಜ್ ಕಾಣುವ ಲೋಡ್ 100ನ್ನು 400ರಿಂದ ಭಾಗಿಸಿದಷ್ಟು, ಅಂದರೆ ಕಾಲು ಓಮ್. ಹಾಡು ಬರೀ ಪಿಸುಗುಡುತ್ತದೆ.

ಕೊನೆಗೆ ಟೆಸ್ಟ್ ತಟ್ಟೆಯ 1 ಕಿಲೋಹರ್ಟ್ಜ್ ಸ್ವರ ಹಾಕಿ ಫೋನೋದ ಎರಡೂ ಔಟ್‌ಪುಟ್ ಅನ್ನು ಮಲ್ಟಿಮೀಟರ್‌ನಲ್ಲಿ ನೋಡಿ, ಎಡ ಬಲ ಹೆಚ್ಚು ಕಡಿಮೆ ಒಂದೇ ಇದೆ ಅಂತ ಖಾತ್ರಿ ಮಾಡಿಕೊಂಡೆವು. ಈಗ ಆರ್ಮ್ ಎತ್ತಿಟ್ಟು ಕೇಳುವ ವಾಲ್ಯೂಮ್‌ನಲ್ಲಿ ಟ್ವೀಟರ್‌ಗೆ ಕಿವಿ ಕೊಟ್ಟರೆ ಮಾತ್ರ ಸಣ್ಣ ಹಿಸ್ ಇದೆ. ಸ್ಟೈಲಸ್ ಇಳಿಸಿದ ಕೂಡಲೇ ಖಾಲಿ ಗ್ರೂವ್‌ನ ಸದ್ದು ಅದನ್ನು ಮುಚ್ಚುತ್ತದೆ, ಇರಬೇಕಾದದ್ದೂ ಹಾಗೆಯೇ. ಗೆಳೆಯರು ಹೇಳಿದ ಮೊದಲ ಮಾತು ಬೇಸ್ ಬಗ್ಗೆ, ತಂತಿವಾದ್ಯಗಳ ಕೆಳಗಿನ ಸ್ವರಗಳು ಈಗ ಒಂದೊಂದಾಗಿ ಬಿಡಿಸಿ ಕೇಳುತ್ತವೆ ಅಂತ. 6 ಓಮ್‌ನಂಥ ಸಣ್ಣ ಕಾಯಿಲ್ ಇದ್ದಾಗ ಟ್ರಾನ್ಸ್‌ಫಾರ್ಮರ್‌ನ ಬೇಸ್ ಕೆಳಗಿನವರೆಗೂ ಚೆನ್ನಾಗಿ ಹೋಗುತ್ತದೆ. ಕಾಯಿಲ್ ಓಮ್ ಏರಿದ ಹಾಗೆ ಅದೇ ಟ್ರಾನ್ಸ್‌ಫಾರ್ಮರ್‌ನ ಬೇಸ್ ಮೇಲಕ್ಕೇ ಕಡಿಯುತ್ತಾ ಬರುತ್ತದೆ.

ಮುಂದೆ ಹಳೆಯ ಮೋನೋ ತಟ್ಟೆಗಳಿಗೆ ಅಂತ ಡಿಎಲ್-103 ಕೂಡ ಇಟ್ಟುಕೊಳ್ಳುವ ಆಸೆ ಅವರಿಗೆ ಇದೆ. ಇದೇ ಟ್ರಾನ್ಸ್‌ಫಾರ್ಮರ್ ಸಾಕಾ, ಅದಕ್ಕಾದರೂ ಆ 1:40 ಇಟ್ಟುಕೊಳ್ಳಬೇಕಾ ಅಂತ ಕೇಳಿದರು. ಟ್ರಾನ್ಸ್‌ಫಾರ್ಮರ್ ತಂತಿಯ ಓಮ್ ಬಿಟ್ಟು ಲೆಕ್ಕ ಹಾಕಿದೆವು. 40 ಓಮ್ ಕಾಯಿಲ್ ಮತ್ತು 0.3 ಮಿಲಿವೋಲ್ಟ್‌ಗೆ 1:10ರಲ್ಲಿ 2.8 ಮಿಲಿವೋಲ್ಟ್ ಸಿಗುತ್ತದೆ, 1:20ರಲ್ಲಿ 4.5, 1:30ರಲ್ಲಿ 5.1, 1:40ರಲ್ಲೂ ಅದೇ 5.1. ಅನುಪಾತ 34 ದಾಟಿದ ಮೇಲೆ ಲೋಡ್ ಕಾಯಿಲ್‌ಗಿಂತ ಸಣ್ಣದಾಗಿ, ಎತ್ತಿದ್ದನ್ನೆಲ್ಲ ಅಲ್ಲೇ ತಿಂದುಹಾಕುತ್ತದೆ. ಜೊತೆಗೆ ಡೆನಾನ್ 100 ಓಮ್‌ಗಿಂತ ಕಡಿಮೆ ಬೇಡ ಅನ್ನುತ್ತದೆ, ಟ್ರಾನ್ಸ್‌ಫಾರ್ಮರ್ ಇದ್ದರೆ 40. 1:20ರ 117 ಆ ಎರಡೂ ಮಾತಿಗೆ ಸರಿಯಾಗಿ ಕೂರುತ್ತದೆ. 1:40ರ ಡಬ್ಬಿಯನ್ನು ತಂದುಕೊಟ್ಟವರಿಗೇ ವಾಪಸ್ ಕೊಟ್ಟರು. ಅವರ ಸ್ವಂತ ಕಾರ್ಟ್ರಿಡ್ಜ್ 2 ಓಮ್‌ನದ್ದು, 0.2 ಮಿಲಿವೋಲ್ಟ್. ಓವರ್‌ಲೋಡ್‌ಗೆ ಸಾಕಷ್ಟು ಜಾಗ ಇರುವ ಎಂಎಂ ಫೋನೋ ಇದ್ದರೆ ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.